ನಾಲ್ಕು ಬಾಗಿಲಿನ ಇಂಪಾಲಾ

ಹಳೆಯ ಅಮೆರಿಕನ್ ಕಾರುಗಳ ಫೋಟೋ ನೋಡಿದರೆ ನನಗೆ ಈಗ ಹೇಸಿಗೆಯಾಗುತ್ತದೆ. ಅದರಲ್ಲಿ ಕಾರುಗಳ ತಪ್ಪೇನೂ ಇಲ್ಲ. ಅವುಗಳ ಮುಂದೆ ನಿಂತು ಕಣ್ಣರಳಿಸುವ ಗಂಡಸರು, ಆ ಗಂಡಸರಲ್ಲಿ ಒಬ್ಬನಾದ ನನ್ನ ಗಂಡ, ಅವರಿಗೆಲ್ಲ ಚಹಾ ಮಾಡಿಕೊಟ್ಟು ಪಕ್ಕದಲ್ಲಿ ನಿಂತು ನಗುತ್ತಿದ್ದ ನಾನು, ಇಷ್ಟು ಜನ ಒಟ್ಟಿಗೆ ನೆನಪಾಗುತ್ತೇವೆ. ಹೇಸಿಗೆಯಾಗುವುದು ಅದಕ್ಕೆ.

ನನ್ನ ಗಂಡನಿಗೆ ಒಂದು ಗುಂಪಿದೆ. ಆರು ಜನ, ಎಲ್ಲರೂ ಐವತ್ತು ದಾಟಿದವರು, ಎಲ್ಲರೂ ಕನ್ನಡದವರು. ಮೂವರು ಉಡುಪಿ ಕಡೆಯವರು, ಉಳಿದವರು ಮೈಸೂರು, ಬೆಂಗಳೂರಿನವರು. ಭಾನುವಾರ ನಮ್ಮ ಬೇಸ್‌ಮೆಂಟಿನಲ್ಲಿ ಸೇರಿ ಒಂದು ಆಟ ಆಡುತ್ತಾರೆ. ಒಬ್ಬ ತನ್ನ ಫೋನಿನಲ್ಲಿ ಯಾವುದೋ ಹಳೆಯ ಕಾರಿನ ಒಂದು ತುಣುಕನ್ನು ಮಾತ್ರ ತೋರಿಸುತ್ತಾನೆ. ಒಂದು ಟೇಲ್ ಲೈಟು, ಬಾನೆಟ್ಟಿನ ತುದಿ, ಇಲ್ಲವೇ ಬಾಗಿಲಿನ ಹಿಡಿ. ಅದು ಯಾವ ಕಾರು, ಯಾವ ಇಸವಿಯದು ಎಂದು ಉಳಿದವರು ಹೇಳಬೇಕು. ಒಂದೊಂದು ಬದಿಗೆ ಮೂರು ದುಂಡು ದೀಪವಿದ್ದರೆ ಇಂಪಾಲಾ, ಎರಡೇ ಇದ್ದರೆ ಅದರ ಬಡ ತಮ್ಮ ಬೆಲ್ ಏರ್ ಎಂಬುದನ್ನು ಚಹಾದ ಟ್ರೇ ಹಿಡಿದು ಮೆಟ್ಟಿಲಿಳಿಯುತ್ತಲೇ ನಾನೂ ಕಲಿತೆ. ಹೆಂಡತಿ ಹುಟ್ಟಿದ ದಿನ ನೆನಪಿಟ್ಟುಕೊಳ್ಳಲಾಗದವರು ಅರವತ್ಮೂರರ ಗ್ರಿಲ್ಲಿಗೂ ಅರವತ್ನಾಲ್ಕರ ಗ್ರಿಲ್ಲಿಗೂ ಏನು ವ್ಯತ್ಯಾಸ ಎಂದು ಅರ್ಧ ಗಂಟೆ ಕಿತ್ತಾಡುತ್ತಾರೆ.

ಗುರುತು ಹಿಡಿದದ್ದಾದ ಮೇಲೆ ನೆನಪುಗಳ ಸರದಿ. ಇವರು ಚಿಕ್ಕವರಿದ್ದಾಗ ಅಮೆರಿಕನ್ ಕಾರೆಂದರೆ ಊರಿಗೊಂದು ಇರುತ್ತಿದ್ದ ದೊಡ್ಡ ಬಾಡಿಗೆ ಕಾರು. ಅದರ ಮೂಲ ಎಂಜಿನ್ನು ಎಂದೋ ಕೈಕೊಟ್ಟು, ಯಾವುದೋ ಡೀಸೆಲ್ ಎಂಜಿನ್ ಕೂರಿಸಿಕೊಂಡು, ಲಾರಿಯ ಹಾಗೆ ಸದ್ದು ಮಾಡುತ್ತಾ ಬರುತ್ತಿತ್ತು. ಮದುವೆಯ ದಿಬ್ಬಣಕ್ಕೂ ಅದೇ, ಹೆರಿಗೆ ನೋವಿಗೂ ಅದೇ. ನನ್ನ ಗಂಡನ ಕಥೆ ಅವರ ಅಕ್ಕನ ಮದುವೆಯದು.

"ಛತ್ರದ ಎದುರು ಕಾರು ನಿಂತಿತು. ನಾಲ್ಕೂ ಬಾಗ್ಲು ಒಟ್ಟಿಗೆ ಓಪನ್ ಆಯ್ತು ನೋಡಿ, ಜನ ಇಳಿತಾ ಇದ್ದಾರೆ, ಇಳಿತಾ ಇದ್ದಾರೆ, ಮುಗಿಯುದೇ ಇಲ್ಲ! ಹದಿಮೂರು ಜನ ಮಾರಾಯ್ರೆ. ಕಡೆಗೆ ಅಕ್ಕ ಇಳಿದ್ಲು. ಅವಳ ಸೀರೆ ಅಡಿಯಿಂದ ನಾನು ಇಳಿದೆ."

ಈ ಕಥೆಯನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಮೊದಲ ಸಲ ಕೇಳಿದಾಗ ಒಂಬತ್ತು ಜನ ಇದ್ದರು. ಆದರೂ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆ ಕಥೆ ಹೇಳುವಾಗ ಅವರ ಮುಖ ಚಿಕ್ಕ ಹುಡುಗನದಾಗುತ್ತಿತ್ತು.

ನನ್ನ ಕೆಲಸ ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವುದು. ಸ್ನಾನ ಮಾಡಿಸುವುದು, ಉಗುರು ಕತ್ತರಿಸುವುದು, ಮಾತ್ರೆ ತೆಗೆದುಕೊಂಡರೇ ಎಂದು ನೋಡುವುದು. ಮಂಗಳವಾರ ಮತ್ತು ಶುಕ್ರವಾರ ಅರೋರಾ ಎಂಬ ಊರಿನಲ್ಲಿ ಒಬ್ಬ ಬಿಳಿಯ ಅಜ್ಜಿಯ ಮನೆಗೆ ಹೋಗುತ್ತಿದ್ದೆ. ಎಂಬತ್ತೇಳು ವರ್ಷ, ಒಬ್ಬರೇ. ಅವರ ಕಣ್ಣಿನ ನಡುವಿನ ನೋಟ ಹೋಗಿತ್ತು. ಎದುರಿಗಿರುವುದು ಮಂಜು ಮಂಜು, ಅಂಚಿನಲ್ಲಿ ಬಣ್ಣ, ಆಕಾರ ಸ್ವಲ್ಪ ತಿಳಿಯುತ್ತಿತ್ತು. ಬಾಯಿ ಮಾತ್ರ ಗಟ್ಟಿ. ನಾನು ಬೆನ್ನು ತಿಕ್ಕುವಾಗ "ನಿನ್ನ ಊರಿನ ಸುದ್ದಿ ಹೇಳು" ಎನ್ನುತ್ತಿದ್ದರು. ನಾನು ಮೀನು ಮಾರುಕಟ್ಟೆಯಿಂದ ಹಿಡಿದು ನನ್ನ ಅತ್ತೆಯ ಮೂಗುತಿಯವರೆಗೆ ಎಲ್ಲವನ್ನೂ ಹೇಳುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಈ ದೇಶದಲ್ಲಿ ನನ್ನ ಮಾತನ್ನು ಅಷ್ಟು ಆಸೆಯಿಂದ ಕೇಳಿದವರು ಬೇರೆ ಯಾರೂ ಇಲ್ಲ.

ಅವರ ಗ್ಯಾರೇಜಿನಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಒಂದು ಕಾರಿತ್ತು. ಒಂದು ದಿನ ಶೀಟಿನ ಮೂಲೆ ಸರಿದಿತ್ತು. ಹಿಂದೆ ಒಂದು ಬದಿಗೆ ಮೂರು ದುಂಡು ದೀಪ. ನನ್ನ ಬಾಯಿ ಸುಮ್ಮನಿರಲಿಲ್ಲ. "ಇದು ಇಂಪಾಲಾ ಅಲ್ಲವಾ?" ಎಂದೆ. ಅಜ್ಜಿ ಬೆರಗಾಗಿಬಿಟ್ಟರು. ಮಗ ಮನೆ ಮಾರಬೇಕು, ಗ್ಯಾರೇಜು ಖಾಲಿ ಮಾಡಬೇಕು ಎಂದು ಹಟ ಹಿಡಿದಿದ್ದನಂತೆ. ನೋಡಲು ಬಂದವರೆಲ್ಲ ಮೊದಲು ಬೆಲೆ ಕೇಳಿದರಂತೆ, ಅಜ್ಜಿ ಎಲ್ಲರನ್ನೂ ವಾಪಸ್ಸು ಕಳಿಸಿದ್ದರಂತೆ. "ನನ್ನ ಗಂಡನಿಗೆ ತೋರಿಸಲೇ?" ಎಂದು ಕೇಳಿದವಳು ನಾನು. ಆರೈಕೆಗೆ ಹೋಗುವ ಮನೆಯಲ್ಲಿ ನಮ್ಮ ಸ್ವಂತ ವ್ಯವಹಾರ ತರಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು. ವ್ಯವಹಾರವೆಲ್ಲಿ ಬಂತು, ಒಂದು ಖುಷಿಯ ವಿಷಯ ಎಂದುಕೊಂಡೆ.

ಒಂದು ಶನಿವಾರ ಗುಂಪು ಅರೋರಾಕ್ಕೆ ಹೋಯಿತು. ಶೀಟು ಎಳೆದರು. ತಿಳಿನೀಲಿ ಬಣ್ಣದ ದೊಡ್ಡ ಕಾರು, ನಾಲ್ಕು ಬಾಗಿಲಿನದು. ಆರೂ ಜನ ಸುತ್ತ ಸುತ್ತಿದರು, ಬಗ್ಗಿ ನೋಡಿದರು, ಅರವತ್ನಾಲ್ಕು ಎಂದು ತೀರ್ಮಾನಿಸಿದರು. ಅಜ್ಜಿ ಕುರ್ಚಿಯಲ್ಲಿ ಕೂತು ಸರಿ ತಪ್ಪು ಹೇಳುತ್ತಿದ್ದರು. ಒಬ್ಬರು "ಅಮೆರಿಕನ್ ಬ್ಯೂಟಿ" ಎಂದಾಗ, "ಅಮೆರಿಕ ಎಲ್ಲಿಂದ ಬಂತು, ಇದು ಗಡಿಯ ಈಚೆ, ನಮ್ಮ ಒಷಾವದಲ್ಲಿ ಹುಟ್ಟಿದ್ದು, ನನ್ನ ಹಾಗೆ" ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನ ಗಂಡ ಅಕ್ಕನ ಮದುವೆಯ ಕಥೆ ಹೇಳಿದರು, ಇಂಗ್ಲಿಷಿನಲ್ಲಿ. ನಾಲ್ಕು ಬಾಗಿಲು, ಹದಿಮೂರು ಜನ, ಸೀರೆಯ ಅಡಿಯ ಹುಡುಗ. ಅಜ್ಜಿ ಕಣ್ಣೊರೆಸಿಕೊಂಡು ನಕ್ಕು ತಮ್ಮದೂ ಹೇಳಿದರು. ಮೂರು ಮಕ್ಕಳನ್ನೂ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರ ಹಿಂದಿನ ಸೀಟಿನಲ್ಲಿ. ಅವರ ಗಂಡ ಪ್ರತಿಸಲವೂ ಇಳಿದು ಬಂದು ಹಿಂದಿನ ಬಾಗಿಲು ತೆರೆದು, ಮಗುವನ್ನು ಮೊದಲು ಕೈಗೆ ತೆಗೆದುಕೊಂಡು, ಆಮೇಲೆ ಅವರಿಗೆ ಕೈ ಕೊಡುತ್ತಿದ್ದರಂತೆ.

ಅವತ್ತೇ ಅಜ್ಜಿ ನಿರ್ಧಾರ ಮಾಡಿದರು. "ದುಡ್ಡು ಬೇಡ. ನಿಮಗೆ ಈ ಕಾರು ಅಂದರೆ ಏನು ಅಂತ ಗೊತ್ತಿದೆ. ರಿಪೇರಿ ಮಾಡಿ, ಬೇಸಿಗೆಯಲ್ಲಿ ಒಂದು ಸಲ ನನ್ನನ್ನು ಇದರಲ್ಲಿ ಕೂರಿಸಿಕೊಂಡು ಪೋರ್ಟ್ ಕ್ರೆಡಿಟ್‌ಗೆ ಹೋಗಿ. ಅಲ್ಲಿ ಸರೋವರದ ಹತ್ತಿರ ಕೂತು ಐಸ್‌ಕ್ರೀಮ್ ತಿನ್ನಬೇಕು. ಅಷ್ಟು ಸಾಕು."

ಆರು ಗಂಡಸರು ಎದೆಯ ಮೇಲೆ ಕೈಯಿಟ್ಟುಕೊಂಡು ಒಪ್ಪಿದರು. ನಾನು ಅಜ್ಜಿಯ ಕೈ ಹಿಡಿದುಕೊಂಡೆ, "ನಾನಿದ್ದೇನಲ್ಲ" ಎಂದೆ.

ಕಾರು ಕ್ಲೈನ್‌ಬರ್ಗ್‌ಗೆ ಹೋಯಿತು. ಅಲ್ಲಿ ಗುಂಪಿನ ಮೈಸೂರಿನವರೊಬ್ಬರಿಗೆ ಮೂರು ಕಾರಿನ ಗ್ಯಾರೇಜಿರುವ ಮನೆಯಿದೆ. ಅವರ ಬಳಿ ಮೊದಲೇ ಒಂದು ಇಂಪಾಲಾ ಇತ್ತು. ಅದೂ ಅರವತ್ನಾಲ್ಕರದ್ದೇ, ಆದರೆ ಎರಡು ಬಾಗಿಲಿನದು. ಮುಂಭಾಗ ತುಕ್ಕು ಹಿಡಿದು ಪುಡಿಯಾಗುತ್ತಿತ್ತು, ಸ್ಟೇರಿಂಗ್ ಇರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದರ ಅರ್ಥ ಆಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕುರ್ಚಿ ಸಾಲದೆ ಗ್ಯಾರೇಜಿನಿಂದ ತರಲು ನಾನು ಬಾಗಿಲು ತೆರೆದೆ. ಅಜ್ಜಿಯ ಕಾರಿಗೆ ಮುಖವಿರಲಿಲ್ಲ. ಬಾನೆಟ್ಟು, ಮಡ್‌ಗಾರ್ಡು, ಬಂಪರು ಎಲ್ಲ ಬಿಚ್ಚಿ ಎರಡು ಬಾಗಿಲಿನ ಕಾರಿಗೆ ತೊಡಿಸಿದ್ದರು. ನಾಲ್ಕು ತಿಳಿನೀಲಿ ಬಾಗಿಲುಗಳನ್ನು ಹಳೆಯ ಹಲಗೆಗಳ ಹಾಗೆ ಗೋಡೆಗೆ ಒರಗಿಸಿದ್ದರು. ಹಿಂದಿನ ಸೀಟನ್ನು ಕಿತ್ತು ನೆಲಕ್ಕೆ ಹಾಕಿದ್ದರು. ಅದರ ಮೇಲೆ ನನ್ನ ಗಂಡ, ಆ ಮನೆಯ ಯಜಮಾನರಾದ ಮೈಸೂರಿನವರು, ಇನ್ನೊಬ್ಬರು ಸಾಲಾಗಿ ಕೂತು ಪೇಪರ್ ಪ್ಲೇಟಿನಲ್ಲಿ ಸಪಾದ ಭಕ್ಷ್ಯ ತಿನ್ನುತ್ತಿದ್ದರು. ತುಪ್ಪದ ಕೈಯನ್ನು ಒಬ್ಬರು ಸೀಟಿಗೇ ಒರೆಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಇವತ್ತಿಗೂ ಪ್ರಸಾದ ಕೈಗೆ ಬಂದರೆ ಆ ಕೈ ನೆನಪಾಗುತ್ತದೆ.

"ಎಂತ ಮಾಡಿದ್ದು ನೀವು?" ಎಂದು ನನ್ನ ಗಂಡನನ್ನು ಕೇಳಿದೆ.

ಉತ್ತರ ಕೊಟ್ಟದ್ದು ಯಜಮಾನರು. "ಅತ್ತಿಗೆ, ಸ್ವಲ್ಪ ಪ್ರಾಕ್ಟಿಕಲ್ ಆಗಿ ನೋಡಿ. ಫೋರ್ ಡೋರ್ ಯಾರೂ ರಿಸ್ಟೋರ್ ಮಾಡಲ್ಲ. ಶೋನಲ್ಲಿ ಒಬ್ಬನೂ ತಿರುಗಿ ನೋಡಲ್ಲ. ಟೂ ಡೋರೇ ರಿಯಲ್ ಇಂಪಾಲಾ. ಇದನ್ನ ಡೋನರ್ ಕಾರ್ ಅಂತಾರೆ. ಒಂಥರಾ ಆರ್ಗನ್ ಡೊನೇಶನ್, ಪುಣ್ಯದ ಕೆಲಸ."

"ಸತ್ತ ಮೇಲೆ ಅಲ್ವಾ ಅದು ಕೊಡುದು? ಇದು ಸತ್ತಿತ್ತಾ?" ಎಂದೆ.

"ನೀನೆಂತ ಅಷ್ಟು ದೊಡ್ಡ ಮಾಡುದು ಮಾರಾಯ್ತಿ, ಒಂದು ಹಳೆ ಕಾರಿಗೆ?" ಎಂದರು ನನ್ನ ಗಂಡ. ಬಾಯಲ್ಲಿ ಇನ್ನೂ ಪ್ರಸಾದವಿತ್ತು.

ನನ್ನನ್ನು ಹೆಚ್ಚು ಸುಟ್ಟದ್ದು ಅಜ್ಜಿಗೆ ಮಾಡಿದ ಮೋಸವೊಂದೇ ಅಲ್ಲ. ಈ ಆರು ಜನರಲ್ಲಿ ಒಬ್ಬರಾದರೂ ಚಿಕ್ಕಂದಿನಲ್ಲಿ ಎರಡು ಬಾಗಿಲಿನ ಅಮೆರಿಕನ್ ಕಾರು ನೋಡಿದವರಲ್ಲ. ಹದಿಮೂರು ಜನರನ್ನು ತುಂಬುವ ಊರಿನಲ್ಲಿ ಎರಡು ಬಾಗಿಲಿನ ಕಾರು ಯಾರಿಗೆ ಬೇಕಿತ್ತು? ಭಾನುವಾರ ಭಾನುವಾರ ಇವರು ಕಣ್ಣೀರು ತುಂಬಿಕೊಂಡು ಹೇಳಿದ್ದೆಲ್ಲ ನಾಲ್ಕು ಬಾಗಿಲಿನದ್ದೇ ಕಥೆ. ಅದು ಕೈಗೆ ಬಂದಾಗ, ಇಲ್ಲಿನ ಕಾರ್ ಶೋಗಳಲ್ಲಿ ಬಿಯರ್ ಹೊಟ್ಟೆಯವರು ಯಾರೋ ಮೂಗು ಮುರಿದರು ಎಂದು ತಾವೂ ಮೂಗು ಮುರಿದು ತುಂಡು ಮಾಡಿದರು. ತಮ್ಮ ಅಕ್ಕ ಇಳಿದು ಬಂದ ಕಾರನ್ನೇ ತುಂಡು ಮಾಡಿದ್ದು ಎಂಬುದು ನನ್ನ ಗಂಡನ ತಲೆಗೆ ಹೋಗಲೇ ಇಲ್ಲ. ನಾನು ಬಿಡಿಸಿ ಹೇಳಿದೆ. "ಅದು ಬೇರೆ, ಇದು ಬೇರೆ" ಎಂದರು.

ನಾನು ಮಾಡಿದ್ದು ಏನು? ಅದನ್ನೂ ಹೇಳಬೇಕು. ಮುಂದಿನ ಮಂಗಳವಾರ ಅಜ್ಜಿ ಕೇಳಿದರು, "ಕಾರು ಎಲ್ಲಿಗೆ ಬಂತು?" ನಾನು ಅವರ ತಲೆಗೆ ನೀರು ಹಾಕುತ್ತಿದ್ದೆ. "ಎಂಜಿನ್ ಕೆಲಸ ನಡೆಯುತ್ತಿದೆ" ಎಂದೆ. ಮಾರ್ಚಿನಲ್ಲಿ "ಬ್ರೇಕು" ಎಂದೆ. ಏಪ್ರಿಲಿನಲ್ಲಿ "ಬಣ್ಣ ಒಣಗುತ್ತಿದೆ" ಎಂದೆ. ಅಷ್ಟರಲ್ಲಿ ಉಳಿದ ದೇಹವನ್ನು ಗುಜರಿಯವರು ಎತ್ತಿಕೊಂಡು ಹೋಗಿಯಾಗಿತ್ತು. ನಿಜ ಹೇಳಿದರೆ ಆಫೀಸಿಗೆ ಸುದ್ದಿ ಹೋಗುತ್ತದೆ, ನಿಯಮ ಮುರಿದದ್ದು ಹೊರಬೀಳುತ್ತದೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ವಾರಕ್ಕೆ ಎರಡು ದಿನ ನನ್ನ ಮಾತಿಗೆ ಕಾದು ಕೂರುವ ಮುಖವನ್ನು ಕಳೆದುಕೊಳ್ಳುವ ಹೆದರಿಕೆ ಇನ್ನೊಂದು. ಅಜ್ಜಿಗೆ ನೋವಾಗಬಾರದು ಎಂದೇ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳು ಒಂದು ದಿನ ಎಲ್ಲ ಕೇಳಿ, "ಅಮ್ಮಾ, ಛೀ, ದಟ್ಸ್ ಸೋ ಗ್ರಾಸ್. ಜಸ್ಟ್ ಟೆಲ್ ಹರ್" ಎಂದಳು. "ನಿಂಗೆ ಗೊತ್ತಾಗುದಿಲ್ಲ, ಸುಮ್ನಿರು" ಎಂದು ಗದರಿಸಿದೆ.

ಜೂನಿನಲ್ಲಿ ನನ್ನ ಗಂಡ ಉಬ್ಬಿಕೊಂಡು ಬಂದರು. "ನಿನ್ನ ಅಜ್ಜಿ ಸಮಸ್ಯೆ ಸಾಲ್ವ್ ಆಯ್ತು. ಮೈಸೂರಿನವ್ರು ಟೂ ಡೋರಿಗೆ ಕೆಂಪು ಹೊಡೆಸುವಾ ಅಂತ ಇದ್ರು, ನಾನೇ ಹೇಳಿ ತಿಳಿನೀಲಿ ಹೊಡೆಸಿದೆ. ಹೇಗೂ ಅಜ್ಜಿಗೆ ಕಣ್ಣು ಕಾಣುದಿಲ್ಲ ಅಲ್ವಾ? ಅದೇ ಬಣ್ಣ, ಅದೇ ಸ್ಟೇರಿಂಗು. ಕೂರಿಸಿ ಒಂದು ರೌಂಡ್ ಹಾಕುವ. ಮುದುಕಿಗೆ ಎಂತ ಗೊತ್ತಾಗ್ತದೆ?"

ಇದನ್ನು ಅವರು ಉಪಕಾರ ಎಂದೇ ತಿಳಿದಿದ್ದರು. ಆ ಹೊತ್ತು ನನ್ನ ಗಂಡನ ಮುಖ ನೋಡಲು ಅಸಹ್ಯವಾಯಿತು. ಆದರೆ ಒಪ್ಪಿಕೊಂಡೆ. ನಾಲ್ಕು ತಿಂಗಳ ಸುಳ್ಳಿನಿಂದ ಹೊರಗೆ ಬರಲು ಒಂದು ದಾರಿ ಕಂಡಿತ್ತು, ಅದು ಎಂಥ ದಾರಿ ಎಂದು ನೋಡಲಿಲ್ಲ.

ಜುಲೈಯಲ್ಲಿ ಪೋರ್ಟ್ ಕ್ರೆಡಿಟ್‌ನಲ್ಲಿ, ದೋಣಿ ನಿಲ್ಲುವ ಜಾಗದ ಹತ್ತಿರದ ಪಾರ್ಕಿಂಗ್ ಲಾಟಿನಲ್ಲಿ ಕಾರ್ ಶೋಗೆಂದು ಹಳೆಯ ಕಾರುಗಳು ಸಾಲಾಗಿ ನಿಂತಿದ್ದವು. ನನ್ನ ರಜೆಯ ದಿನ ಅಜ್ಜಿಯನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಅವರು ಹಳದಿ ಹೂವಿನ ಅಂಗಿ ಹಾಕಿದ್ದರು, ತುಟಿಗೆ ನನ್ನ ಕೈಯಲ್ಲೇ ಬಣ್ಣ ಹಚ್ಚಿಸಿಕೊಂಡಿದ್ದರು. ದಾರಿಯುದ್ದಕ್ಕೂ ಯಾವ ಐಸ್‌ಕ್ರೀಮ್ ತಿನ್ನಬೇಕು ಎಂದು ಲೆಕ್ಕ ಹಾಕುತ್ತಿದ್ದರು.

ಗುಂಪಿನವರು ಕಾರಿಗೆ ಪೂಜೆಯನ್ನೂ ಇಟ್ಟುಕೊಂಡಿದ್ದರು. ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು. ಕಾಯಿ ಒಡೆದರೆ ಶೋನವರು ಬೈದಾರು ಎಂದು ಕಸದ ಡಬ್ಬಿಯ ಹಿಂದೆ ಹೋಗಿ ಒಡೆದು ತಂದರು. ಅವರ ಮನೆಯ ಹೆಂಗಸರು ಅಜ್ಜಿಯ ಕೊರಳಿಗೆ ಒಂದು ಹಾರ ಹಾಕಿದರು. ಫೋನುಗಳೆಲ್ಲ ಎದ್ದು ನಿಂತವು. ಮೈಸೂರಿನ ಯಜಮಾನರು ಇಂಗ್ಲಿಷಿನಲ್ಲಿ, "ಇದೋ ನಿಮ್ಮ ಕಾರು, ಹೊಸದಾಗಿ ಹುಟ್ಟಿ ಬಂದಿದೆ" ಎಂದು ಭಾಷಣ ಮಾಡಿದರು.

ಅಜ್ಜಿ ಕೋಲನ್ನು ನನ್ನ ಕೈಗೆ ಕೊಟ್ಟರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಮುಖ ಅರಳಿತು. ಹಾಗೆಯೇ ಕೈ ಸವರುತ್ತಾ ಪಕ್ಕಕ್ಕೆ ಬಂದರು, ಮುಂದಿನ ಬಾಗಿಲಿನ ಹಿಡಿ ಸಿಕ್ಕಿತು. ಯಜಮಾನರು ಅದನ್ನು ತೆರೆಯಲು ಬಂದರು. "ಅದಲ್ಲ, ನಾನು ಹಿಂದೆ ಕೂರುತ್ತೇನೆ" ಎಂದು ಅಜ್ಜಿ ಮುಂದುವರಿದರು. ಕೈ ನುಣ್ಣನೆಯ ತಗಡಿನ ಮೇಲೆ ಜಾರುತ್ತಾ ಹೋಯಿತು. ಹಿಡಿ ಇರಬೇಕಾದ ಎತ್ತರದಲ್ಲಿ ಬೆರಳುಗಳು ಹುಡುಕಿದವು. ಮೇಲೆ ಹುಡುಕಿದವು, ಕೆಳಗೆ ಹುಡುಕಿದವು. ಹಿಂದಿನ ಚಕ್ರದವರೆಗೂ ಹೋಗಿ ಮತ್ತೆ ವಾಪಸ್ಸು ಬಂದವು. ಆರು ಗಂಡಸರು ಆ ಕೈಯನ್ನೇ ನೋಡುತ್ತಿದ್ದರು.

"ಬಾಗಿಲೆಲ್ಲಿ?" ಎಂದರು ಅಜ್ಜಿ.

"ಸ್ವಲ್ಪ ಮಾಡಿಫೈ ಮಾಡಿದ್ದೇವೆ" ಎಂದರು ಯಜಮಾನರು, ಹಲ್ಲು ಕಿರಿಯುತ್ತಾ.

ಅಜ್ಜಿ ಮುಂದಿನ ಬಾಗಿಲಿಗೆ ಬಂದು ತೆರೆದ ಕಿಟಕಿಯೊಳಗೆ ಕೈ ಚಾಚಿ ಸ್ಟೇರಿಂಗನ್ನು ಸುತ್ತ ಮುಟ್ಟಿದರು. "ಇದು ನನ್ನದು. ಕಾರು ನನ್ನದಲ್ಲ" ಎಂದರು. ಧ್ವನಿ ಏರಿರಲಿಲ್ಲ. "ಉಳಿದದ್ದು ಎಲ್ಲಿ?"

ಒಂದು ದೀಪದ ಚೂರು ನೋಡಿ ಇಸವಿ ಹೇಳುವವರು ಒಬ್ಬೊಬ್ಬರಾಗಿ ಫೋನು ಜೇಬಿಗೆ ಹಾಕಿಕೊಂಡರು. ನನ್ನ ಗಂಡ ನೀರಿನ ಕಡೆ ತಿರುಗಿ ದೋಣಿ ನೋಡುತ್ತಿದ್ದರು. ಅಜ್ಜಿ ಅವರ ಕಡೆ ತಿರುಗಿರಲೂ ಇಲ್ಲ. ಮುಖವನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ನನ್ನನ್ನು ಹುಡುಕುತ್ತಿದ್ದರು.

"ಗುಜರಿಗೆ ಹೋಯಿತು" ಎಂದೆ.

"ಯಾವಾಗ?"

"ಮಾರ್ಚ್ ಕೊನೆಯಲ್ಲಿ."

ಅವರು ಸ್ಟೇರಿಂಗಿನಿಂದ ಕೈ ತೆಗೆದರು. "ಬಣ್ಣ ಒಣಗುತ್ತಿದೆ ಎಂದು ನೀನು ಹೇಳಿದ್ದು ಏಪ್ರಿಲಿನಲ್ಲಿ" ಎಂದರು.

ಹೌದು ಎಂದೆ. ಕ್ಷಮಿಸಿ ಎಂದೂ ಹೇಳಿದೆ, ಆದರೆ ಅದು ನನಗೇ ಕೇಳಿಸದಷ್ಟು ಸಣ್ಣಗಿತ್ತು. ಯಾರೋ ಒಬ್ಬರು ಐಸ್‌ಕ್ರೀಮ್ ತರಲೇ ಎಂದು ಕೇಳಿದರು. ಅಂಥ ಹೊತ್ತಿನಲ್ಲಿ ಆ ಪ್ರಶ್ನೆ ಕೇಳುವ ಮನುಷ್ಯರೂ ಇರುತ್ತಾರೆ. ಅಜ್ಜಿ "ಬೇಡ, ಥ್ಯಾಂಕ್ಯೂ" ಎಂದು ಕೊರಳಿನ ಹಾರ ತೆಗೆದು ಬಾನೆಟ್ಟಿನ ಮೇಲೆ ಇಟ್ಟರು. "ಮನೆಗೆ ಕರೆದುಕೊಂಡು ಹೋಗು" ಎಂದು ನನಗೆ ಹೇಳಿದರು.

ಹೈವೇಯಲ್ಲಿ ಒಂದು ಗಂಟೆಯ ದಾರಿ. ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ಕಿಟಕಿಯ ಕಡೆಗಿದ್ದ ಮುಖ ತಿರುಗಿಸಲಿಲ್ಲ. ಅರೋರಾದ ಮನೆಯಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎಂದಿನ ಹಾಗೆ ಶೂ ಬಿಚ್ಚಲು ಕೆಳಗೆ ಕೂತು ಲೇಸಿಗೆ ಕೈ ಹಾಕಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ತಾವೇ ಬಗ್ಗಿ, ಕಾಣದ ಗಂಟನ್ನು ಉಗುರಿನಿಂದ ಕೆದಕತೊಡಗಿದರು. ಆ ಉಗುರು ಕತ್ತರಿಸಿದ್ದವಳು ನಾನು, ಹಿಂದಿನ ಶುಕ್ರವಾರ. ಗಂಟು ಬಿಚ್ಚುವವರೆಗೂ ನಾನು ನೆಲದ ಮೇಲೆ ಹಾಗೆಯೇ ಕೂತಿದ್ದೆ. ಬಹಳ ಹೊತ್ತು ಹಿಡಿಯಿತು.

ನನ್ನ ಗಂಡ ಮನೆಗೆ ಬಂದು, "ಎಷ್ಟು ಮಾಡಿದ್ರೂ ಇವ್ರಿಗೆ ಸಮಾಧಾನ ಇಲ್ಲ" ಎಂದರು. ಅವತ್ತಿನಿಂದ ಬೇಸ್‌ಮೆಂಟಿಗೆ ನಾನು ಚಹಾ ಒಯ್ಯುವುದಿಲ್ಲ. ಅವರು ಈಗ ಕಾಫಿ ಹೊರಗಿನಿಂದ ತರಿಸಿಕೊಳ್ಳುತ್ತಾರೆ, ಆಟ ನಿಂತಿಲ್ಲ.

ಸೋಮವಾರ ಆಫೀಸಿನಿಂದ ಫೋನ್ ಬಂತು. ಮಂಗಳವಾರ, ಶುಕ್ರವಾರ ನನಗೆ ಬೇರೆ ಮನೆ ಕೊಟ್ಟಿದ್ದಾರೆ, ಅರೋರಾಕ್ಕೆ ಇನ್ನೊಬ್ಬರು ಹೋಗುತ್ತಾರೆ ಎಂದರು. ನನ್ನ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ, ಅಜ್ಜಿ ದೂರೇ ಕೊಟ್ಟಿರಲಿಲ್ಲ. ಕೆಲಸ ಚೆನ್ನಾಗಿ ಮಾಡುತ್ತಾಳೆ ಎಂದರಂತೆ. ಇನ್ನು ಮುಂದೆ ಮಾತಾಡದವರು ಯಾರಾದರೂ ಇದ್ದರೆ ಕಳಿಸಿ ಎಂದಷ್ಟೇ ಕೇಳಿಕೊಂಡರಂತೆ.

"ಏನಾದರೂ ಆಯಿತಾ?" ಎಂದು ಆಫೀಸಿನ ಹುಡುಗಿ ವಿಚಾರಿಸಿದಳು.

ಏನೂ ಆಗಿಲ್ಲ ಎಂದೆ.